ಗಿಡ ಹಚ್ಚುವ ಮುಂಚೆ ಯಾರನ್ನು ಕೇಳಬೇಕು?

ಎಲ್ಲರಿಗೂ ನಮಸ್ಕಾರ.

ಸರ್ಕಾರಿ ಕಾಡನ್ನು ಕಾಡಿನ ಜನರ ಜೊತೆ ಸೇರಿ ಮತ್ತೆ ಬೆಳೆಸುವುದು ಇವತ್ತಿನ ವಿಷಯ. ಕೇಳೋಕೆ ಚೆನ್ನಾಗಿದೆ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಯಾವ ಗಿಡ, ಯಾರ ಮಾತಿನಂತೆ, ಬೆಳೆದ ಮೇಲೆ ಯಾರಿಗೆ ಅಂತ ಕೇಳಿದ ಕೂಡಲೇ ಜಗಳ ಶುರುವಾಗುತ್ತದೆ. ಆ ಜಗಳ ಒಳ್ಳೆಯದೇ. ಗುಂಡಿ ತೋಡುವ ಮುಂಚೆ ಆಗಿಬಿಡಬೇಕು, ಅಷ್ಟೇ ನನ್ನ ವಾದ.

ನಮ್ಮ ಭಾಗದಲ್ಲೇ ಇದು ಒಂದು ಸಲ ಆಗಿದೆ, ಗುಂಡಿ ತೋಡಿದ ಮೇಲೆ. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅನ್ನುವ ಕಂಪನಿ ಹುಟ್ಟಿತು. ಸರ್ಕಾರದ ಪಾಲೂ ಇತ್ತು, ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯ ಪಾಲೂ ಇತ್ತು. ಕಾರ್ಖಾನೆಗೆ ಬೇಕಾದ ಮರ ಬೆಳೆಯಲು ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಜಮೀನು ಕೊಡುವುದು ಅಂತ ತೀರ್ಮಾನವಾಯಿತು. ಕಾಗದದ ಮೇಲೆ ಅದೂ ಕಾಡು ಬೆಳೆಸುವ ಕೆಲಸವೇ, ಬಂಜರು ಹಸಿರಾಗುತ್ತದೆ ಅನ್ನುವ ಲೆಕ್ಕ. ಆದರೆ ಜನ ದನ ಮೇಯಿಸುತ್ತಿದ್ದ, ಉರುವಲು ಆರಿಸುತ್ತಿದ್ದ ಜಾಗದಲ್ಲಿ ನೀಲಗಿರಿ ಬಂದು ಕೂತಿತು. ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ನೀಲಗಿರಿ ಆ ಗಾದೆಯನ್ನೂ ಸುಳ್ಳು ಮಾಡಿತು.

1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿದರು. ಈಗ ಹಾವೇರಿ ಜಿಲ್ಲೆ, ಆಗ ಧಾರವಾಡ. ನೀಲಗಿರಿ ಸಸಿ ಕಿತ್ತರು, ಆ ಜಾಗದಲ್ಲೇ ತಮಗೆ ಬೇಕಾದ ಹಣ್ಣಿನ, ಮೇವಿನ, ಉರುವಲಿನ ಗಿಡ ಹಚ್ಚಿದರು. ಅದಕ್ಕೇ ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ಅಂತ ಹೆಸರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಅನ್ನುವ ಸಂಘಟನೆ ಮುಂದೆ ನಿಂತಿತ್ತು. ಕಂಪನಿಗೆ ಜಮೀನು ಕೊಡುವುದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಗೆ ಶಿವರಾಮ ಕಾರಂತರು ಸಹಿ ಹಾಕಿದ್ದರು. 1991ರಲ್ಲಿ ಕಂಪನಿ ಮುಚ್ಚಿತು. ಬರೀ ಕಿತ್ತು ಬಂದಿದ್ದರೆ ಅದು ಗಲಾಟೆ ಅಂತ ಪೊಲೀಸ್ ಕಡತ ಸೇರುತ್ತಿತ್ತು. ಹಚ್ಚಿಯೂ ಬಂದರು. ನಮಗೆ ಯಾವ ಗಿಡ ಬೇಕು ಅನ್ನುವ ಪಟ್ಟಿಯನ್ನು ನೆಲದ ಮೇಲೇ ಬರೆದು ತೋರಿಸಿದ ಹಾಗಾಯಿತು.

ಇನ್ನು ಬಿದಿರಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಗಿಡ ಹಚ್ಚುವವರೆಲ್ಲ ತಿಳಿದಿರಬೇಕಾದ ಸಂಗತಿ. ದಾಂಡೇಲಿಯ ಕಾಗದದ ಕಾರ್ಖಾನೆಗೆ ಉತ್ತರ ಕನ್ನಡದ ಬಿದಿರು ಹೋಗುತ್ತಿತ್ತು, ಅದೂ ಬಹಳ ಅಗ್ಗಕ್ಕೆ. ಬುಟ್ಟಿ ಹೆಣೆಯುವ ಮೇದಾರರಿಗೆ ಮಾತ್ರ ಆ ದರ ಇರಲಿಲ್ಲ. ಎಪ್ಪತ್ತರ ದಶಕದ ಹೊತ್ತಿಗೆ ಬಿದಿರು ಕಡಿಮೆಯಾಗತೊಡಗಿತು. ಯಾಕೆ ಅಂತ ನೋಡಲು ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಅವರ ಜೊತೆಯವರು ಕಾಡಿಗೆ ಹೋದರು.

ಮುಳ್ಳುಬಿದಿರಿನ ಮೆಳೆಯನ್ನು ನೀವು ಹತ್ತಿರದಿಂದ ನೋಡಿದ್ದರೆ ಗೊತ್ತಿರುತ್ತದೆ. ಬುಡದ ಸುತ್ತ ಮುಳ್ಳಿನ ಸಣ್ಣ ಸಣ್ಣ ಕೊಂಬೆಗಳು ಒಂದಕ್ಕೊಂದು ಹೆಣೆದುಕೊಂಡು ಬೇಲಿಯ ಹಾಗೆ ನಿಂತಿರುತ್ತವೆ. ಕೈ ಹಾಕಿದರೆ ರಕ್ತ ಬರುತ್ತದೆ. ಈ ಮುಳ್ಳಿನಿಂದ ಮೆಳೆ ಇಕ್ಕಟ್ಟಾಗಿ ಹೊಸ ಗಳ ಬೆಳೆಯುವುದಿಲ್ಲ, ಸವರಿ ತೆಗೆಯಬೇಕು ಅಂತ ಅರಣ್ಯ ಇಲಾಖೆಯ ನಿಯಮವಿತ್ತು. ಸವರಿದ್ದೂ ಆಯಿತು. ಊರವರು ಬೇರೆ ಮಾತು ಹೇಳಿದರು: ‘ಮುಳ್ಳು ತೆಗೆದರೆ ಕಳಲೆ ಉಳಿಯೋದಿಲ್ಲ.’ ಮಳೆಗಾಲದಲ್ಲಿ ಬುಡದಿಂದ ಮೆತ್ತಗೆ ಏಳುವ ಕಳಲೆ ದನಕ್ಕೂ ಇಷ್ಟ, ಕಾಡುಪ್ರಾಣಿಗಳಿಗೂ ಇಷ್ಟ, ನಮಗೂ ಪಲ್ಯಕ್ಕೆ ಇಷ್ಟ. ಮುಳ್ಳಿದ್ದರೆ ಅದು ತಪ್ಪಿಸಿಕೊಂಡು ಗಳವಾಗುತ್ತದೆ. ವಿಜ್ಞಾನಿಗಳು ಅಳೆದು ನೋಡಿದರು. ಊರವರ ಮಾತೇ ನಿಜವಾಗಿತ್ತು.

ಕೆಟ್ಟ ಉದ್ದೇಶದಿಂದ ಯಾರೂ ಮುಳ್ಳು ಸವರಲಿಲ್ಲ, ಬಿದಿರು ಬೆಳೆಯಲಿ ಅಂತಲೇ ಸವರಿದರು. ಮೆಳೆಯ ಪಕ್ಕದಲ್ಲೇ ಬದುಕುವವರನ್ನು ಒಂದು ಮಾತು ಕೇಳುವ ಪದ್ಧತಿ ಇರಲಿಲ್ಲ. ಕೂಲಿಗೆ ಕರೆಯುವ ಪದ್ಧತಿ ಇತ್ತು. ಬುಡ ಸವರಲು ಕುಡುಗೋಲು ಹಿಡಿದವರಲ್ಲಿ ಎಷ್ಟೋ ಜನರಿಗೆ ಇದು ತಪ್ಪು ಅಂತ ಗೊತ್ತಿತ್ತೇನೋ ಅಂತ ನನಗೆ ಅನ್ನಿಸುತ್ತದೆ.

ಈಗ ಕಲಘಟಗಿ ಕಡೆ ಬರೋಣ. ಹುಬ್ಬಳ್ಳಿಯಿಂದ ಯಲ್ಲಾಪುರದ ದಾರಿಯಲ್ಲಿ ಹೊಲ ಮುಗಿದು ಕಾಡು ಶುರುವಾಗುವ ಅಂಚು ಅದು. ಅಲ್ಲಿ ಸಿದ್ದಿಗಳಿದ್ದಾರೆ, ಎಮ್ಮೆ ಕಟ್ಟಿಕೊಂಡ ಗೌಳಿಗರಿದ್ದಾರೆ. ಸಿದ್ದಿಗಳ ಮಾತು ಬಂದಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ಅವರ ಹಿರಿಯರು ಆಫ್ರಿಕಾದಿಂದ ಬಂದವರಲ್ವಾ, ಇಲ್ಲಿಯ ಮೂಲದವರು ಹೇಗಾಗ್ತಾರೆ? ಬಂದವರಲ್ಲ, ಹಿಡಿದು ತಂದವರು. ಗುಲಾಮರಾಗಿ ಹಡಗು ಹತ್ತಿಸಿದ್ದರು. ಎಷ್ಟೋ ಜನ ಗೋವಾದ ಒಡೆಯರ ಕೈಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಕಾಡೇ ಅವರನ್ನು ಬಚ್ಚಿಟ್ಟಿತು. ಆಮೇಲೆ ತಲೆಮಾರುಗಟ್ಟಲೆ ಅಲ್ಲೇ ಜೇನು ಬಿಡಿಸಿ, ಸೌದೆ ಹೊತ್ತು, ತುಂಡು ಹೊಲ ಮಾಡಿ ಬದುಕಿದ್ದಾರೆ. ಆ ಕಾಡಿನ ಬಗ್ಗೆ ಮಾತಾಡುವ ಹಕ್ಕಿಗೆ ಇದಕ್ಕಿಂತ ಜಾಸ್ತಿ ಏನು ಬೇಕು?

ಕಾನೂನಿಗೆ ಬೇಕಿತ್ತು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಬಂದರು. ಧಾರವಾಡ, ಬೆಳಗಾವಿ ಜಿಲ್ಲೆಯವರು ಬಂದಿದ್ದು 2020ರಲ್ಲಿ. ಅಲ್ಲಿಯವರೆಗೆ ಕಲಘಟಗಿಯ ಅಕ್ಕ ಉತ್ತರ ಕನ್ನಡದ ಯಲ್ಲಾಪುರಕ್ಕೆ ಮದುವೆಯಾಗಿ ಹೋದರೆ ಅವಳ ಅತ್ತೆ ಮನೆ ಪಟ್ಟಿಯೊಳಗೆ, ತವರುಮನೆ ಹೊರಗೆ ಇತ್ತು. ನಡುವೆ 2006ರ ಅರಣ್ಯ ಹಕ್ಕು ಕಾಯ್ದೆ ಬಂತು. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮುಂಚೆ ಕಾಡಿನಲ್ಲಿದ್ದೆವು ಅಂತ ತೋರಿಸಿದರೆ ಸಾಕು. ಉಳಿದವರು ಅದರ ಹಿಂದಿನ 75 ವರ್ಷದ ವಾಸಕ್ಕೆ ಪುರಾವೆ ತರಬೇಕು. ಕಾಗದಪತ್ರವೇ ಇಲ್ಲದೆ ಬದುಕಿದವರು 75 ವರ್ಷದ್ದು ಎಲ್ಲಿಂದ ತರುತ್ತಾರೆ? ಗೌಳಿಗರಿಗೆ ಇವತ್ತಿಗೂ ಈ ತೊಡಕಿದೆ.

ಆ ಕಾಯ್ದೆ ಅಂದರೆ ಅತಿಕ್ರಮಣ ಸಕ್ರಮ, ಒಂದೋ ಎರಡೋ ಎಕರೆ ಪಟ್ಟಾ, ಅಷ್ಟೇ ಅಂತ ಬಹಳ ಜನ ತಿಳಿದಿದ್ದಾರೆ. ರಾಜಕಾರಣಿಗಳ ಭಾಷಣವೂ ಅಲ್ಲಿಗೇ ನಿಲ್ಲುತ್ತದೆ. ಅದರ 3ನೇ ಸೆಕ್ಷನ್ ಓದಿ. ಊರು ರೂಢಿಯಿಂದ ಕಾಯ್ದುಕೊಂಡು ಬಂದ ಸಮುದಾಯದ ಕಾಡನ್ನು ಕಾಪಾಡುವ, ಮತ್ತೆ ಬೆಳೆಸುವ, ನೋಡಿಕೊಳ್ಳುವ ಹಕ್ಕು ಅಂತ ಸ್ಪಷ್ಟವಾಗಿ ಇದೆ. ಅರ್ಜಿ ಹಾಕುವುದು ಗ್ರಾಮಸಭೆಯ ಮೂಲಕ. 1993ರಿಂದ ನಮ್ಮಲ್ಲಿರುವ ಗ್ರಾಮ ಅರಣ್ಯ ಸಮಿತಿಗಿಂತ ಇದು ಬೇರೆ. ಸಮಿತಿಯಲ್ಲಿ ಅಧ್ಯಕ್ಷರು ಊರವರು, ಕಾರ್ಯದರ್ಶಿ ಇಲಾಖೆಯವರು. ಪುಸ್ತಕ ಯಾರ ಕೈಯಲ್ಲಿರುತ್ತದೋ ಸಭೆ ಅವರದು, ಇದು ನಮ್ಮ ಸಹಕಾರಿ ಸಂಘಗಳನ್ನು ನೋಡಿದವರಿಗೆ ಹೊಸದಾಗಿ ಹೇಳಬೇಕಿಲ್ಲ.

ಹೊರಗಿನದೊಂದು ಉದಾಹರಣೆ, ಚಿಕ್ಕದಾಗಿ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಸೇಲಿಶ್ ಮತ್ತು ಕೂಟನೈ ಬುಡಕಟ್ಟುಗಳ ಒಕ್ಕೂಟವಿದೆ. ಅಲ್ಲಿನ ಎತ್ತರದ ಬೆಟ್ಟಗಳಲ್ಲಿ ಬಿಳಿತೊಗಟೆಯ ಒಂದು ಪೈನ್ ಮರವಿದೆ, ಬೀಜ ಅವರಿಗೆ ಹಿಂದಿನಿಂದ ಆಹಾರ. ಸುಮಾರು ನೂರು ವರ್ಷದ ಹಿಂದೆ ಯುರೋಪಿನಿಂದ ಬಂದ ತುಕ್ಕುರೋಗ ಆ ಮರಗಳನ್ನು ಕೊಲ್ಲುತ್ತಾ ಬಂತು. 2022ರಲ್ಲಿ ಅಲ್ಲಿನ ಸರ್ಕಾರ ಅದನ್ನು ಅಪಾಯದಲ್ಲಿರುವ ಮರ ಅಂತ ಘೋಷಿಸಿತು. ಬುಡಕಟ್ಟಿನವರು ರೋಗ ಬಂದರೂ ಸಾಯದೆ ನಿಂತ ಮರಗಳನ್ನು ಹುಡುಕುತ್ತಾರೆ. ಮರ ಹತ್ತಿ ಕಾಯಿಗೆ ತಂತಿ ಬಲೆ ಕಟ್ಟುತ್ತಾರೆ, ಇಲ್ಲದಿದ್ದರೆ ಹಕ್ಕಿ, ಅಳಿಲು ಉಳಿಸುವುದಿಲ್ಲ. ಬಲಿತ ಬೀಜ ತಂದು ತಮ್ಮ ನರ್ಸರಿಯಲ್ಲೇ ಸಸಿ ಮಾಡಿ ಮತ್ತೆ ಬೆಟ್ಟಕ್ಕೆ ಒಯ್ಯುತ್ತಾರೆ. ಆ ಮರ ಚೆನ್ನಾಗಿ ಕಾಯಿ ಬಿಡಲು ಅರವತ್ತು ವರ್ಷವಾದರೂ ಬೇಕು. ಹಚ್ಚಿದವರು ತಿನ್ನುವುದಿಲ್ಲ. ಅಲ್ಲಿ ನೆಲ ಅವರದು, ಅರಣ್ಯ ವಿಭಾಗವೂ ಅವರದು. ನಮ್ಮಲ್ಲಿ ನೆಲ ಸರ್ಕಾರದ್ದು, ಆ ವ್ಯತ್ಯಾಸ ಮರೆಯಬಾರದು. ಆದರೆ ನರ್ಸರಿ ಊರಲ್ಲಿ ಯಾಕಿರಬಾರದು?

ಇದು ಸಣ್ಣ ವಿಷಯ ಅಲ್ಲ. ದೂರದ ನರ್ಸರಿಯ ಸಸಿಯ ಪಾಲಿಥಿನ್ ಚೀಲ ಹರಿದು ನೋಡಿ. ಎಷ್ಟೋ ಸಲ ತಾಯಿಬೇರು ತಳಕ್ಕೆ ಮುಟ್ಟಿ ಸುರುಳಿ ಸುತ್ತಿಕೊಂಡಿರುತ್ತದೆ. ಹಾಗೇ ನೆಟ್ಟರೆ ಮಳೆ ಇರುವವರೆಗೆ ಹಸಿರು, ಬೇಸಿಗೆಗೆ ಒಣಕಡ್ಡಿ. ಊರಲ್ಲೇ ಮಾಡಿದರೆ ಮತ್ತಿ, ಹೊನ್ನೆ, ದಿಂಡಿಗ, ನೆಲ್ಲಿ, ತಾರೆ, ಅಂಟುವಾಳ ಹೀಗೆ ಬೇಕಾದ ಬೀಜ ಆರಿಸಬಹುದು. ಯಾವ ಮರದ ಬೀಜ ಯಾವಾಗ ಬೀಳುತ್ತದೆ, ಯಾವ ಮರದ್ದು ಗಟ್ಟಿ ಅನ್ನುವುದು ದಿನಾ ಕಾಡಲ್ಲಿ ಓಡಾಡುವವರಿಗೆ ಗೊತ್ತು. ನೆಡುವ ದಿನವೂ ಅಷ್ಟೇ. ಪರಿಸರ ದಿನ ಅಂತ ಜೂನ್ 5ಕ್ಕೆ ಫೋಟೊ ತೆಗೆಸಿಕೊಳ್ಳಿ, ಬೇಡ ಅನ್ನಲ್ಲ. ಗಿಡವನ್ನು ಮಾತ್ರ ಮಿರಗದ ಮಳೆ, ಅಂದರೆ ಮೃಗಶಿರಾ ಮಳೆ, ಸರಿಯಾಗಿ ಸುರಿದ ಮೇಲೆ ಹಚ್ಚಿ.

ಇನ್ನೊಂದು ಮಾತು, ಎಲ್ಲ ಕಡೆ ಹಚ್ಚಲೂಬೇಡಿ. ರಾಣೇಬೆನ್ನೂರಿನ ಅಭಯಾರಣ್ಯ 119 ಚದರ ಕಿಲೋಮೀಟರ್, ಇರುವುದು ಚಿಗರಿಗಾಗಿ, ಅಂದರೆ ಕೃಷ್ಣಮೃಗಕ್ಕಾಗಿ. ಚಿಗರಿಗೆ ಬೇಕಾದ್ದು ಬಯಲು ಹುಲ್ಲು. ಅಲ್ಲೂ ಬಹುಪಾಲು ನೀಲಗಿರಿ ತೋಪು ಮಾಡಿಟ್ಟಿದ್ದೇವೆ. ಗದಗದ ಕಪ್ಪತಗುಡ್ಡದ ಒಣ ಕುರುಚಲಿನಲ್ಲಿ ಬೇಸಿಗೆಯ ಬೆಂಕಿ ತಡೆದರೆ ಹಳೆಯ ಬುಡಗಳೇ ಚಿಗುರುತ್ತವೆ. ಅಲ್ಲಿ ಸಸಿಗೆ ಹಾಕುವ ದುಡ್ಡು ಬೆಂಕಿ ಕಾಯುವವರ ಪಗಾರಕ್ಕೆ ಹೋಗಲಿ.

ಕಲಘಟಗಿಯಲ್ಲಿ ಉಳಿದ ಗಟ್ಟಿ ಪ್ರಶ್ನೆ ಮೇವಿನದು. ಹೊಸ ಗಿಡ ಮೇಲೆ ಬರುವವರೆಗೆ ಕೆಲವು ವರ್ಷ ಅಲ್ಲಿ ಎಮ್ಮೆ ಬಿಡುವಂತಿಲ್ಲ. ಸುತ್ತ ಕಂದಕ ಹೊಡೆದರೆ ಇಲಾಖೆಯ ಕೆಲಸ ಮುಗಿಯಿತು, ಗೌಳಿಗರ ಕಷ್ಟ ಶುರುವಾಯಿತು. ಒಂದೇ ಸಲ ದೊಡ್ಡ ಜಾಗ ಮುಚ್ಚದೆ, ತುಂಡು ತುಂಡಾಗಿ ಮುಚ್ಚುತ್ತಾ, ಒಳಗಿನ ಹುಲ್ಲನ್ನು ಕೊಯ್ದು ಒಯ್ಯಲು ಬಿಡುತ್ತಾ ಹೋಗಬಹುದು ಅಂತ ನನ್ನ ಅನಿಸಿಕೆ. ಎಷ್ಟು ಎಮ್ಮೆಗೆ ಎಷ್ಟು ಜಾಗ, ಯಾವ ತುಂಡು ಮೊದಲು, ಕುಡಿಯುವ ನೀರಿಗೆ ದಾರಿ ಎಲ್ಲಿ ಅನ್ನುವುದನ್ನು ಇಲ್ಲಿ ನಿಂತು ನಾನು ಹೇಳಿದರೆ ತಪ್ಪಾದೀತು. ಸಭೆಯಲ್ಲಿ ಗೌಳಿ ದಡ್ಡಿಗಳಿಂದ ಬಂದವರು ಇದ್ದರೆ ಅವರೇ ಹೇಳಲಿ, ಅಧ್ಯಕ್ಷರು ಸಮಯ ಕೊಡಬೇಕು. ಮೈಕ್ ಆ ಕಡೆ ಕೊಡ್ರಿ.