ಮನೆಯವರ ಸಂಬಳ ಬರೆದಿಡಿ

ಎಲ್ಲರಿಗೂ ನಮಸ್ಕಾರ. ಸ್ವಂತ ಉದ್ಯಮ ಕಟ್ಟಿದ ಬಗ್ಗೆ ಹೇಳಿ ಅಂದಿದ್ದೀರಿ. ನಮ್ಮ ವೆಲ್ಡಿಂಗ್ ಶಾಪ್ ಶುರುವಾದದ್ದು ಹಟ್ಟಿಗೆ ತಾಗಿದ ಇಳಿಮಾಡಿನ ಕೆಳಗೆ, ಒಂದು ಹಳೇ ಟ್ರಾನ್ಸ್‌ಫಾರ್ಮರ್ ಸೆಟ್ಟಿನಿಂದ. ಆಗಿನ ಬದಿಯಡ್ಕದ ಕರೆಂಟು ನಿಮಗೆ ನೆನಪಿರಬಹುದು. ಸಂಜೆ ಮನೆಮನೆಯಲ್ಲಿ ದೀಪ ಹತ್ತಿದರೆ ವೋಲ್ಟೇಜ್ ಬಿದ್ದು ರಾಡು ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತಿತ್ತು. ಊರು ಮಲಗಿದ ಮೇಲೆ ಅಪ್ಪನ ಕೆಲಸ.

ಒಂದು ಸಂಗತಿ ಹೇಳಲೇಬೇಕು. ಪೆರ್ಲದ ಕಡೆ ಒಬ್ಬರಿಗೆ ಅಡಿಕೆ ಒಣಗಿಸುವ ಸೋಲಾರ್ ಗೂಡು ಕಟ್ಟಿಕೊಟ್ಟೆವು. ಜಿಐ ಪೈಪು, ಅಂದರೆ ತುಕ್ಕು ಹಿಡಿಯದ ಹಾಗೆ ಮೇಲೆ ಸತು ಲೇಪಿಸಿದ ಕಬ್ಬಿಣದ ಪೈಪು. ಬೆಸುಗೆ ಹಾಕಿದವನು ನಾನು. ಸತು 907 ಡಿಗ್ರಿಯಲ್ಲೇ ಕುದಿದು ಆವಿಯಾಗುತ್ತದೆ, ಕಬ್ಬಿಣ ಕರಗಲು 1500 ದಾಟಬೇಕು. ಅಂದರೆ ಬೆಸುಗೆಯ ಜಾಗದಲ್ಲಿ ಸತು ಉಳಿಯುವುದೇ ಇಲ್ಲ, ಬಿಳಿ ಹೊಗೆಯಾಗಿ ಹೋಗುತ್ತದೆ. (ಆ ಹೊಗೆ ಕುಡಿದರೆ ರಾತ್ರಿ ಚಳಿಜ್ವರ. ಹುಡುಗರೇ, ಗಾಳಿಯಾಡುವಲ್ಲಿ ನಿಂತೇ ಮಾಡಿ.) ಸುಟ್ಟ ಜಾಗವನ್ನು ಬ್ರಷ್ಷಿನಿಂದ ಉಜ್ಜಿ ಸತುವಿನ ಪ್ರೈಮರ್ ಹಚ್ಚಬೇಕಿತ್ತು. ನಾನು ಕಿಟ್ಟದ ಮೇಲೆಯೇ ಬೆಳ್ಳಿ ಬಣ್ಣ ಬಳಿದೆ. ನೋಡಲು ಚಂದವೇ ಇತ್ತು. ಮೂರನೇ ಮಳೆಗಾಲಕ್ಕೆ ಜೋಡಣೆಗಳಿಂದ ಕಂದು ನೀರು ಇಳಿಯತೊಡಗಿತು. ಒಂದು ಕಮಾನು ಕೈಯಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿಯಿತು.

ಅಪ್ಪ ಒಂದು ಮಾತೂ ಬೈಯಲಿಲ್ಲ. ಅಷ್ಟನ್ನೂ ಬಿಚ್ಚಿ, ನಮ್ಮದೇ ಖರ್ಚಿನಲ್ಲಿ ಹೊಸದಾಗಿ ಕಟ್ಟಿಕೊಟ್ಟರು. ರಾತ್ರಿ ಅಮ್ಮ ಲೆಕ್ಕದ ಪುಸ್ತಕ ಬಿಡಿಸಿ ಪೈಪು, ರಾಡು, ಜೀಪಿನ ಬಾಡಿಗೆ ಬರೆದಳು. ಕೊನೆಗೆ ಬರೆದಳು: "ಮಗನ ನಾಲ್ಕು ದಿನದ ಸಂಬಳ." ಮನೆಮಗನಿಗೆ ಎಂಥ ಸಂಬಳ ಅಂತ ಅಪ್ಪ ಕೇಳಿದರು. "ಇವನ ಬದಲು ಹೊರಗಿನವ ಬಂದಿದ್ದರೆ ಕೊಡುತ್ತಿರಲಿಲ್ಲವಾ?" ಅಂದಳು ಅಮ್ಮ.

ನಮ್ಮ ಉದ್ಯಮ ಹುಟ್ಟಿದ್ದು ಆ ರಾತ್ರಿ ಅಂತಲೇ ನಾನು ನಂಬಿದ್ದೇನೆ. ಅಲ್ಲಿಯವರೆಗೆ ನಾವು ದರ ಹೇಳುತ್ತಿದ್ದದ್ದು ತೂಕ ನೋಡಿ. 12 ಎಂಎಂ ಸರಳು ಮೀಟರಿಗೆ 888 ಗ್ರಾಂ ಅಂತ ಅಪ್ಪ ಬಾಯಲ್ಲೇ ಹೇಳುತ್ತಿದ್ದರು, ಆದರೆ ನಮ್ಮ ಬೆವರು ಆ ಲೆಕ್ಕದೊಳಗೆ ಇರಲಿಲ್ಲ. ಲಾಭ ಅಂದುಕೊಂಡದ್ದು ಅಮ್ಮನ, ನನ್ನ, ತಮ್ಮನ ಕೊಡದ ಕೂಲಿ. ಸಂಬಳ ಸೇರಿಸಿ ದರ ಹೇಳಿದಾಗ ಕೆಲವು ಗಿರಾಕಿಗಳು ಹೋದರು, ನಿಜ. ಉಳಿದವರ ಕೆಲಸಕ್ಕೆ ಪ್ರೈಮರ್ ಹಚ್ಚುವಷ್ಟು ಹೊತ್ತು ನಮಗೆ ಸಿಕ್ಕಿತು.

ಮುಂದೆ ಟೆರೇಸಿನ ಮೇಲೆ ಶೀಟಿನ ಮಾಡು ಹಾಕಿಸುವ ಕಾಲ ಬಂತು, ಕೆಲಸ ಮೂರು ಪಟ್ಟಾಯಿತು. ಗಲ್ಫಿನಲ್ಲಿ ಪೈಪ್ ವೆಲ್ಡಿಂಗ್ ಕಲಿತ ಅಣ್ಣನ ಮಗ ಊರಿಗೆ ಬಂದಾಗ ಮೊದಲು ಕೇಳಿದ್ದೇ ಸಂಬಳ. ಅಪ್ಪನಿಗೆ ಬೇಸರವಾಗಲಿಲ್ಲ, ಪುಸ್ತಕ ತೆಗೆದು ತೋರಿಸಿದರು. ಅವನು ನಿಂತ. ಮನೆಯವರೆಂದು ಬಿಟ್ಟಿ ದುಡಿಸಿದ ಎಷ್ಟು ಶಾಪುಗಳು ಅಣ್ಣತಮ್ಮಂದಿರ ಜಗಳದಲ್ಲಿ ಮುಚ್ಚಿಹೋದವು ಅಂತ ಇಲ್ಲಿರುವ ಹಿರಿಯರಿಗೆ ಗೊತ್ತು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಬ್ಯಾಂಕ್ ಸಾಲ, 2017ರ ಜಿಎಸ್‌ಟಿ ಬಂದ ಮೇಲಿನ ಬಿಲ್ಲಿನ ವಿಚಾರ ಬರೆದು ತಂದಿದ್ದೆ, ಬಿಡುತ್ತೇನೆ. ಅಮ್ಮನ ಪುಸ್ತಕ ಈ ಮೇಜಿನ ಮೇಲಿದೆ. ಚಾ ಕುಡಿಯುವ ಹೊತ್ತಿಗೆ ಬಂದು ನೋಡಿ. ನಾಲ್ಕು ದಿನದ ಸಂಬಳದ ಆ ಪುಟಕ್ಕೆ ನೂಲು ಇಟ್ಟಿದ್ದೇನೆ.