ಸೂರ್ಯನ ಬಿರುಗಾಳಿಗೂ ನಮ್ಮ ಮಳೆಗೂ ಏನು ನಂಟು?

ಕೇಳುಗರೆಲ್ಲರಿಗೂ ನಮಸ್ಕಾರ.

ಕಾಫಿ ಹೂ ಅರಳಿಸುವ ಹೂಮಳೆ ತಡವಾದರೆ ಸಾಕು, ಸೂರ್ಯನಲ್ಲೇ ಏನೋ ಆಗಿದೆಯಂತೆ ಎಂಬ ಮಾತು ಶುರುವಾಗುತ್ತದೆ. ಮೊಬೈಲಿಗೂ ಸಂದೇಶ ಬರುತ್ತದೆ: ಇವತ್ತು ರಾತ್ರಿ ಸೌರ ಬಿರುಗಾಳಿ, ಫೋನ್ ಆಫ್ ಮಾಡಿ ಮಲಗಿ. ಸೂರ್ಯನಲ್ಲಿ ಬಿರುಗಾಳಿ ಏಳುವುದು ನಿಜ. ಆದರೆ ಅದು ತಟ್ಟುವ ಜಾಗ ಬೇರೆ.

ಸೂರ್ಯನ ಮೈಮೇಲೆ ಕಪ್ಪು ಕಲೆಗಳು ಮೂಡುತ್ತವೆ. ಅಲ್ಲಿ ಕಾಂತಶಕ್ತಿ ಜಾಸ್ತಿ. ಒಳಗಿನ ಬಿಸಿ ಮೇಲೆ ಬರಲು ಅದು ಬಿಡುವುದಿಲ್ಲ. ಸುತ್ತಲಿಗಿಂತ ತಣ್ಣಗಿರುವುದರಿಂದ ಆ ಜಾಗ ಕಪ್ಪಗೆ ಕಾಣುತ್ತದೆ. ಸುಮಾರು 11 ವರ್ಷಕ್ಕೊಮ್ಮೆ ಈ ಕಲೆಗಳು ಹೆಚ್ಚಿ ಮತ್ತೆ ಇಳಿಯುತ್ತವೆ. ಈಗಿನ ಸುತ್ತು ಶುರುವಾದದ್ದು 2019ರ ಡಿಸೆಂಬರಿನಲ್ಲಿ. ಅದೇ ತಿಂಗಳ 26ರಂದು ನಮ್ಮ ಕೊಡಗಿನ ಕುಟ್ಟದಲ್ಲಿ ಜನ ಸೇರಿ, ಸೂರ್ಯ ಬಳೆಯಂತೆ ಕಾಣುವ ಕಂಕಣ ಗ್ರಹಣ ನೋಡಿದ್ದು ನೆನಪಿದೆ ಅಲ್ವಾ? ಕಾಫಿ ಗಿಡದ ಎಲೆ ಸಂದಿಯಿಂದ ನೆಲಕ್ಕೆ ಬಿದ್ದ ಬೆಳಕಿನ ಚುಕ್ಕಿಗಳೆಲ್ಲ ಆವತ್ತು ಪುಟ್ಟ ಬಳೆಗಳಂತೆ ಇದ್ದವು.

ಕಲೆಗಳ ಬಳಿ ಕಾಂತಶಕ್ತಿ ಸಿಡಿದರೆ ಎಕ್ಸ್‌ಕಿರಣ 8 ನಿಮಿಷದಲ್ಲಿ ನಮ್ಮನ್ನು ಮುಟ್ಟುತ್ತದೆ. ಆಗ ಹಗಲಿರುವ ಕಡೆ ಶಾರ್ಟ್‌ವೇವ್ ರೇಡಿಯೋ ಸ್ವಲ್ಪ ಹೊತ್ತು ಸತ್ತೇ ಹೋಗಬಹುದು. ಮಡಿಕೇರಿಯ 103.1 ಎಫ್‌ಎಂಗೆ ಈ ಕಾಟ ಇಲ್ಲ. ಅದು ಶಾರ್ಟ್‌ವೇವ್‌ನಂತೆ ಮೇಲಿನ ವಾತಾವರಣಕ್ಕೆ ಬಡಿದು ಬರುವುದಲ್ಲ, ಟವರಿನಿಂದ ನೇರವಾಗಿ ಬರುವುದು. ಸೂರ್ಯ ಉಗುಳುವ ಬಿಸಿ ಕಣಗಳ ಮೋಡ ಬರಲು ಒಂದರಿಂದ ಮೂರು ದಿನ ಬೇಕು. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್‌ನಲ್ಲಿ ಇದರಿಂದಲೇ ಸುಮಾರು 60 ಲಕ್ಷ ಜನರಿಗೆ 9 ಗಂಟೆ ಕರೆಂಟ್ ಇರಲಿಲ್ಲ. 2024ರ ಮೇ ತಿಂಗಳಲ್ಲಿ ಇಂಥದ್ದೇ ಬಿರುಗಾಳಿಗೆ ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾಯಿತು. ಆ ಬೆಳಕು ಹೆಚ್ಚಾಗಿ ಕಾಣುವುದು ಧ್ರುವಗಳ ಕಡೆ. ನಾವು ಧ್ರುವದಿಂದ ತುಂಬಾ ದೂರ, ಹಾಗಾಗಿ ಇಲ್ಲಿ ಅಂಥದ್ದು ಕಾಣುವುದಿಲ್ಲ. ಜಿಪಿಎಸ್ ಮಾತ್ರ ಕೆಲವು ಮೀಟರ್ ತಪ್ಪಬಹುದು. ಫೋನ್ ಆಫ್ ಮಾಡುವ ಅಗತ್ಯ ಖಂಡಿತ ಇಲ್ಲ.

ಇನ್ನು ಮಳೆ. ಕಲೆ ಹೆಚ್ಚಲಿ ಕಡಿಮೆಯಾಗಲಿ, ಸೂರ್ಯ ಕೊಡುವ ಒಟ್ಟು ಬೆಳಕು-ಶಾಖದಲ್ಲಿ ಆಗುವ ವ್ಯತ್ಯಾಸ ಸುಮಾರು ಸಾವಿರಕ್ಕೆ ಒಂದು ಪಾಲು ಅಷ್ಟೇ. ನಿಮ್ಮ ತೋಟದ ಮಳೆ ಲೆಕ್ಕದ ಪುಸ್ತಕವನ್ನೇ ತೆಗೆದು ನೋಡಿ. 2018ರ ಆಗಸ್ಟಿನಲ್ಲಿ ಗುಡ್ಡಗಳೇ ಕುಸಿದ ಆ ಮಳೆ ಬಂದಾಗ ಕಲೆಗಳು ಬಹಳ ಕಡಿಮೆ ಇದ್ದವು. 2024ರಲ್ಲಿ ಕಲೆಗಳು ತುಂಬಿದ್ದವು, ಆ ಜುಲೈಯಲ್ಲೂ ಮಳೆ ಜೋರಾಗಿಯೇ ಸುರಿಯಿತು. ನಮ್ಮ ಮಳೆಯ ಕಷ್ಟಕ್ಕೆ ಸೂರ್ಯನ ಕಲೆಗಳನ್ನು ದೂರಿ ಸುಮ್ನೆ ಕೂರುವುದು ನನಗಂತೂ ಸರಿ ಕಾಣುವುದಿಲ್ಲ.

ಸೂರ್ಯನ ಮೇಲೆ ಕಣ್ಣಿಡಲು ಈಗ ನಮ್ಮದೇ ಇಸ್ರೋದ ಆದಿತ್ಯ-ಎಲ್1 ನೌಕೆ ಇದೆ. 2023ರ ಸೆಪ್ಟೆಂಬರ್ 2ರಂದು ಹೊರಟು, 15 ಲಕ್ಷ ಕಿಲೋಮೀಟರ್ ಆಚೆ ನಿಂತು ನೋಡುತ್ತಿದೆ. ಅದರ ಮುಖ್ಯ ಉಪಕರಣ ತಯಾರಾದದ್ದು ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ.

ದೊಡ್ಡ ಕಲೆಗಳನ್ನು ನೀವೂ ನೋಡಬಹುದು. ಸಣ್ಣ ಬೈನಾಕ್ಯುಲರಿನ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಸೂರ್ಯನತ್ತ ಹಿಡಿದು, ಹಿಂದೆ ಬಿಳಿ ಹಾಳೆ ಇಡಿ. ಹಾಳೆಯ ಮೇಲೆ ಸೂರ್ಯನ ಬಿಂಬ ಬೀಳುತ್ತದೆ. ಬೈನಾಕ್ಯುಲರಿನೊಳಗೆ ಕಣ್ಣಿಟ್ಟು ಸೂರ್ಯನನ್ನು ಯಾವತ್ತೂ ನೋಡಬೇಡಿ, ಕಣ್ಣೇ ಹೋಗುತ್ತದೆ. ಮಕ್ಕಳು ಮಾಡುವಾಗ ದೊಡ್ಡವರು ಪಕ್ಕದಲ್ಲೇ ಇರಿ. ನಮಸ್ಕಾರ.