ಗೋಲ್ ಕಂಬದ ಹಿಂದೆ ನಿಂತವನ ಮಾತು

ಕೇಳುಗರೇ, ನಮಸ್ಕಾರ.

ಕೊಡಗಿನಲ್ಲಿ ಕುಳಿತು ಫುಟ್‌ಬಾಲ್ ಬಗ್ಗೆ ಮಾತಾಡಲು ಸ್ವಲ್ಪ ಧೈರ್ಯ ಬೇಕು. ಇದು ಹಾಕಿಯ ನಾಡು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕೌಟುಂಬಿಕ ಹಾಕಿ ಹಬ್ಬದ ಎದುರು ಬೇರೆ ಯಾವ ಆಟ ನಿಲ್ಲುತ್ತದೆ ಹೇಳಿ? ಗೋಲ್‌ಕೀಪರ್ ಅಂದರೂ ನಮ್ಮ ಹಿರಿಯರ ಬಾಯಿಗೆ ಮೊದಲು ಬರುವುದು ಹಾಕಿಯ ಎ.ಬಿ. ಸುಬ್ಬಯ್ಯ ಅವರ ಹೆಸರೇ.

ಆದರೆ ನೀವು ಸಿದ್ದಾಪುರ, ನೆಲ್ಯಹುದಿಕೇರಿ, ಸುಂಟಿಕೊಪ್ಪದ ಕಡೆ ಒಮ್ಮೆ ಬನ್ನಿ. ಲೈನ್‌ಮನೆಗಳ ಹಿಂದೆ, ಕಾಫಿ ಒಣಗಿಸುವ ಕಣದ ಪಕ್ಕ, ಎಲ್ಲಿ ಒಂದು ತುಂಡು ಸಮತಟ್ಟು ಜಾಗ ಸಿಕ್ಕಿದರೂ ಮಕ್ಕಳು ಎರಡು ಸಿಲ್ವರ್ ಮರದ ಗಳ ನೆಟ್ಟು ಫುಟ್‌ಬಾಲ್ ಆಡುತ್ತಿರುತ್ತಾರೆ. ಮಾಕುಟ್ಟದ ಘಾಟಿ ಇಳಿದರೆ ಇರಿಟ್ಟಿ, ಆಚೆಗೆ ಕಣ್ಣೂರು. ಅಲ್ಲಿಂದ ಬಂದವರ ಜೊತೆ ಈ ಆಟವೂ ಘಾಟಿ ಹತ್ತಿ ಬಂದಿದೆ. ಹಾಗಾಗಿ ನಮ್ಮ ಊರಲ್ಲಿ ಎರಡು ಪಕ್ಷ. ಒಂದು ಹಳದಿ, ಕೇರಳ ಬ್ಲಾಸ್ಟರ್ಸ್. ಇನ್ನೊಂದು ನೀಲಿ, ಬೆಂಗಳೂರು ಎಫ್‌ಸಿ. ಈ ಪಕ್ಷಗಳಲ್ಲಿ ಪಕ್ಷಾಂತರ ಇಲ್ಲ.

ಎರಡೂ ಪಕ್ಷದವರು ಸೇರುವುದು ನಮ್ಮ ರಸ್ತೆ ಬದಿಯ ಹೋಟೆಲಿನಲ್ಲಿ. ಯಜಮಾನರು ಕಣ್ಣೂರು ಕಡೆಯವರು, ಎಲ್ಲರೂ ಇಕ್ಕ ಅಂತಲೇ ಕರೆಯುತ್ತೇವೆ. ಟಿವಿ ಅವರದು, ಆದ್ದರಿಂದ ಕಾಮೆಂಟರಿ ಮಲಯಾಳಂ. ನೀಲಿ ಪಕ್ಷದ ನಾಯಕರು ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟ್ರು. ಹಳದಿಯ ನಾಯಕ ಒಬ್ಬ ಆಟೋ ಹುಡುಗ. ನಾನು ಹೆಸರಿಗೆ ನೀಲಿ. ನಿಜ ಹೇಳಬೇಕೆಂದರೆ ನನ್ನದು ಮೂರನೇ ಪಕ್ಷ, ಗೋಲಿಗಳ ಪಕ್ಷ, ಅಂದರೆ ಗೋಲ್‌ಕೀಪರ್‌ಗಳದು. ಯಾಕೆಂದರೆ ಹರೆಯದಲ್ಲಿ ನಾನೂ ಗೋಲಿ ಆಗಿದ್ದವನು. ಆ ಕಥೆಗೆ ಆಮೇಲೆ ಬರುತ್ತೇನೆ.

2023ರ ಮಾರ್ಚ್ 3, ಶುಕ್ರವಾರ. ಕರಿಮೆಣಸು ಕುಯ್ಲಿನ ಸಮಯ. ಬೆಂಗಳೂರಿನ ಕಂಠೀರವ ಸ್ಟೇಡಿಯಮ್ಮಿನಲ್ಲಿ ಇಂಡಿಯನ್ ಸೂಪರ್ ಲೀಗಿನ ಪ್ಲೇ ಆಫ್, ಬೆಂಗಳೂರಿಗೂ ಬ್ಲಾಸ್ಟರ್ಸಿಗೂ. ತೊಂಬತ್ತು ನಿಮಿಷ ಯಾರೂ ಗೋಲು ಹೊಡೆಯಲಿಲ್ಲ. ಹೆಚ್ಚುವರಿ ಸಮಯ ಶುರುವಾಗಿ ಐದಾರು ನಿಮಿಷಕ್ಕೆ ಬೆಂಗಳೂರಿಗೆ ಒಂದು ಫ್ರೀ ಕಿಕ್ ಸಿಕ್ಕಿತು. ಬ್ಲಾಸ್ಟರ್ಸಿನ ಗೋಲಿ ಪ್ರಭ್‌ಸುಖನ್ ಗಿಲ್ ಇನ್ನೂ ಗೋಡೆ ನಿಲ್ಲಿಸುತ್ತಿದ್ದ, ಅಂದರೆ ಚೆಂಡಿಗೆ ಅಡ್ಡವಾಗಿ ತನ್ನ ಹುಡುಗರನ್ನು ಸಾಲಾಗಿ ನಿಲ್ಲಿಸುತ್ತಿದ್ದ. ಆಚೆ ಸರಿ, ಈಚೆ ಸರಿ ಅಂತ ಕೈ ಬೀಸುತ್ತಿದ್ದ. ಸುನಿಲ್ ಚೆಟ್ರಿ ಸುಮ್ನೆ ಚೆಂಡನ್ನು ಎತ್ತಿ ಬಲೆಗೆ ಹಾಕಿಬಿಟ್ಟರು. ರೆಫ್ರಿ ಗೋಲು ಅಂದರು. ಬ್ಲಾಸ್ಟರ್ಸಿನ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಹುಡುಗರನ್ನೆಲ್ಲ ಮೈದಾನದಿಂದ ಹೊರಗೆ ಕರೆದರು. ತಂಡ ವಾಪಸ್ ಬರಲೇ ಇಲ್ಲ.

ಹೋಟೆಲಿನಲ್ಲಿ ಒಂದು ಕ್ಷಣ ಎಣ್ಣೆಯಲ್ಲಿ ಬೇಯುತ್ತಿದ್ದ ಪರೋಟದ ಸದ್ದು ಮಾತ್ರ. ಆಮೇಲೆ ಶುರುವಾಯಿತು.

"ರೈಟ್ರೇ, ಇದು ಕಳ್ಳತನ ಅಲ್ವಾ?" ಅಂದ ಆಟೋ ಹುಡುಗ.

"ಎಂಥ ಕಳ್ಳತನ ಮಾರಾಯ? ಬಾಗಿಲು ತೆರೆದಿಟ್ಟು ಮಲಗಿದ್ದು ನೀವು" ಅಂದರು ರೈಟ್ರು.

ನಿಯಮ ಏನು ಹೇಳುತ್ತದೆ? ಫ್ರೀ ಕಿಕ್ ಹೊಡೆಯುವವನು ಬೇಗ ಹೊಡೆಯಬಹುದು, ರೆಫ್ರಿ ಅದಕ್ಕೆ ಬಿಡಬಹುದು. ಎದುರಾಳಿಗಳನ್ನು 9.15 ಮೀಟರ್ ದೂರ ಕಳಿಸಿ ಅಂತ ಕೇಳಿಕೊಂಡರೆ ಸೀಟಿಗೆ ಕಾಯಬೇಕು. ಸೀಟಿಯೂ ಬೇಡ, ಗೋಡೆಯೂ ಬೇಡ ಅಂತ ರೆಫ್ರಿಗೆ ಮೊದಲೇ ಹೇಳಿದ್ದೆ ಅಂತ ಚೆಟ್ರಿ ಆಮೇಲೆ ಹೇಳಿದರು. ಬ್ಲಾಸ್ಟರ್ಸಿನ ದೂರು ತಳ್ಳಿಹೋಯಿತು. ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚಿಗೆ 5 ಲಕ್ಷ ದಂಡ ಮತ್ತು 10 ಪಂದ್ಯಗಳ ನಿಷೇಧ ಬಿತ್ತು. ನನ್ನ ಲೆಕ್ಕದಲ್ಲಿ ಗೋಲು ಸರಿ. ಮೈದಾನ ಬಿಟ್ಟು ಹೋಗಿದ್ದು ತಪ್ಪು. ಇದನ್ನು ಹೇಳಿದ ದಿನ ಇಕ್ಕ ನನಗೆ ಚಹಾ ಕೊಟ್ಟದ್ದು ಸಕ್ಕರೆ ಇಲ್ಲದೆ!

ಈಗ ಮರುದಿನದ ಮಾತು. ಹೋಟೆಲಿನ ಮೇಜಿನ ಮೇಲೆ ಎರಡು ಪೇಪರ್. ಮಲಯಾಳಂ ಪೇಪರಿನಲ್ಲಿ ಈ ಸುದ್ದಿ ಅರ್ಧ ಪುಟ. ನನಗೆ ಲಿಪಿ ಬಾರದು, ಆಟೋ ಹುಡುಗ ಓದಿ ಹೇಳಿದ. ಎಲ್ಲಾ ಅನ್ಯಾಯದ ಕಥೆ. ಕನ್ನಡ ಪೇಪರಿನಲ್ಲಿ ಕ್ರಿಕೆಟ್ ಮುಗಿದ ಮೇಲೆ ಕೆಳಗೆ ಒಂದು ಕಾಲಂ. ಅದರಲ್ಲಿ ಚೆಟ್ರಿಯ ಜಾಣತನ. ರೈಟ್ರಿಗೆ ಗೆದ್ದ ಖುಷಿಗಿಂತ ಆ ಒಂದು ಕಾಲಮ್ಮಿನ ಬೇಸರವೇ ಜಾಸ್ತಿ. "ನೋಡಿ, ಸೋತವರಿಗೆ ಅರ್ಧ ಪುಟ, ಗೆದ್ದವರಿಗೆ ನಾಲ್ಕು ಬೆರಳು" ಅಂತ ಅಳತೆ ಹಾಕಿ ತೋರಿಸಿದರು. ಬೆಂಗಳೂರು 2013ರಲ್ಲಿ ಹುಟ್ಟಿದ ಕ್ಲಬ್ಬು, ಮೊದಲ ವರ್ಷವೇ ಆಗಿನ ದೇಶದ ದೊಡ್ಡ ಲೀಗಾದ ಐ-ಲೀಗ್ ಗೆದ್ದಿತು. 2016ರಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ಪಿನ ಫೈನಲಿಗೆ ಹೋಯಿತು, ಅದಕ್ಕೆ ಮೊದಲು ಭಾರತದ ಯಾವ ಕ್ಲಬ್ಬೂ ಅಲ್ಲಿಗೆ ಹೋಗಿರಲಿಲ್ಲ. ಆಗಲೂ ನಾಲ್ಕು ಬೆರಳೇ ಅಂತ ಅವರ ದೂರು. ನಾನು ಅಳೆದು ನೋಡಿಲ್ಲ. ಆದರೆ ದೂರಿನಲ್ಲಿ ಸ್ವಲ್ಪ ನಿಜ ಇದೆ.

ನನಗೆ ಬೇಸರವಾದದ್ದು ಬೇರೆ ವಿಷಯಕ್ಕೆ. ಎರಡೂ ಪೇಪರಿನಲ್ಲಿ ಕೋಚಿನ ಮಾತಿತ್ತು, ಚೆಟ್ರಿಯ ಮಾತಿತ್ತು. ಗಿಲ್‌ನದು ಫೋಟೋ ಮಾತ್ರ. ಹಿಂದಿನ ವರ್ಷ ಲೀಗಿನ ಅತ್ಯುತ್ತಮ ಗೋಲಿಗೆ ಕೊಡುವ ಗೋಲ್ಡನ್ ಗ್ಲೌ ಗೆದ್ದ ಹುಡುಗ ಅವನು. ಈಗ ಊರೆಲ್ಲ "ನಿದ್ದೆ ಮಾಡುತ್ತಿದ್ದ ಗೋಲಿ". ಟಿವಿಯಲ್ಲಿ ಆ ಹತ್ತು ಸೆಕೆಂಡು ಎಷ್ಟು ಸಲ ತೋರಿಸಿದರೋ! ಅವನ ಪಕ್ಷದವರೇ ಬೈದರು. ಗೋಡೆ ಸರಿಮಾಡುವುದು ಗೋಲಿಯ ಕೆಲಸ, ಅದನ್ನೇ ಮಾಡುತ್ತಿದ್ದ. ಚೆಂಡಿನ ಹತ್ತಿರ ಒಬ್ಬ ಎಚ್ಚರವಾಗಿ ಇರಬೇಕಿತ್ತು. ಅದು ಗೋಲಿಯ ಕೆಲಸ ಅಲ್ಲ.

ನಮ್ಮ ಪಕ್ಷವೇನೂ ಕಡಿಮೆ ಇಲ್ಲ. ಅದೇ ಮಾರ್ಚ್ 12ಕ್ಕೆ ಮುಂಬೈ ಸಿಟಿ ಎದುರು ಸೆಮಿಫೈನಲ್. ಪೆನಾಲ್ಟಿಯಲ್ಲಿ 9-8. ನಮ್ಮ ಗುರ್‌ಪ್ರೀತ್ ಸಿಂಗ್ ಸಂಧು ಒಂದನ್ನು ತಡೆದು ಗೆಲ್ಲಿಸಿದರು. ರೈಟ್ರು ಅಂದು ಎಲ್ಲರಿಗೂ ಬನ್ಸ್ ಕೊಡಿಸಿದರು. ಮಾರ್ಚ್ 18ಕ್ಕೆ ಗೋವಾದಲ್ಲಿ ಎಟಿಕೆ ಮೋಹನ್ ಬಾಗಾನ್ ಎದುರು ಫೈನಲ್. ಆಟ 2-2, ಪೆನಾಲ್ಟಿಯಲ್ಲಿ 4-3ಕ್ಕೆ ಸೋಲು. ಆಟದ ನಡುವೆ ಎರಡು, ಕೊನೆಗೆ ನಾಲ್ಕು, ಒಟ್ಟು ಆರು ಪೆನಾಲ್ಟಿಯಲ್ಲಿ ಗುರ್‌ಪ್ರೀತ್ ಒಂದನ್ನೂ ತಡೆಯಲಿಲ್ಲ. "ಅಷ್ಟು ಉದ್ದ ಇದ್ದು ಏನು ಪ್ರಯೋಜನ?" ಅಂತ ಬನ್ಸ್ ಕೊಡಿಸಿದ ಬಾಯಿಯೇ ಕೇಳಿತು. ಆರು ದಿನ ಅಷ್ಟೇ ಆಗಿತ್ತು!

ಪೆನಾಲ್ಟಿ ಅಂದರೆ ಹನ್ನೆರಡು ಗಜ. ಗೋಲಿನ ಅಗಲ ಎಂಟು ಗಜ. ಚೆಂಡು ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ಬಂದುಬಿಡುತ್ತದೆ. ನೋಡಿ ಹಾರಿದರೆ ತಡವಾಯಿತು, ಊಹಿಸಿ ಹಾರಿದರೆ ದಿಕ್ಕು ತಪ್ಪಬಹುದು. ತಡೆದರೆ ಅದು ಮೇಲು, ತಡೆಯದಿದ್ದರೆ ಅದು ಸಹಜ. ನಾವು ಲೆಕ್ಕ ಹಾಕುವುದು ತಿರುಗುಮುರುಗು.

ಅದೇ ವರ್ಷ ಜುಲೈ 4ರಂದು ಅದೇ ಕಂಠೀರವದಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಟೂರ್ನಿಯ ಫೈನಲ್. ಕುವೈತಿನ ಕೊನೆಯ ಪೆನಾಲ್ಟಿಯನ್ನು ಇದೇ ಗುರ್‌ಪ್ರೀತ್ ತಡೆದರು, ಭಾರತ ಗೆದ್ದಿತು. ಮತ್ತೆ ಬನ್ಸ್. ಆ ದಿನ ಹಳದಿ, ನೀಲಿ ಎರಡೂ ಪಕ್ಷ ತಿಂದವು.

ಇನ್ನೊಬ್ಬ ಗೋಲಿಯ ಹೆಸರು ಹೇಳದಿದ್ದರೆ ಇಕ್ಕ ಬೇಸರ ಮಾಡಿಕೊಳ್ಳುತ್ತಾರೆ. ಹೇಳಿದರೆ ಇನ್ನೂ ಜಾಸ್ತಿ ಬೇಸರ ಮಾಡಿಕೊಳ್ಳುತ್ತಾರೆ. 2022ರ ಸೂಪರ್ ಲೀಗ್ ಫೈನಲಿನಲ್ಲಿ ಬ್ಲಾಸ್ಟರ್ಸಿನ ಮೂರು ಪೆನಾಲ್ಟಿ ತಡೆದ ಹೈದರಾಬಾದಿನ ಲಕ್ಷ್ಮೀಕಾಂತ್ ಕಟ್ಟೀಮನಿ. ಹೆಸರು ಕೇಳಿದ್ದೇ ತಡ, ರೈಟ್ರು "ನಮ್ಮವನೇ" ಅಂದುಬಿಟ್ಟರು. ಅವರು ಗೋವಾದ ಆಟಗಾರ. ಆದರೂ ರೈಟ್ರು ಇವತ್ತಿಗೂ ಬಿಟ್ಟುಕೊಟ್ಟಿಲ್ಲ.

ಕೋಚ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅವರಿಗೆ ಮೈಕಾದರೂ ಸಿಗುತ್ತದೆ. ಸೈಮನ್ ಗ್ರೇಸನ್ ತಂಡವನ್ನು ಆ ಫೈನಲಿಗೆ ಕರೆದುಕೊಂಡು ಹೋದರು, ಅದೇ ಡಿಸೆಂಬರಿನಲ್ಲಿ ಕೆಲಸ ಹೋಯಿತು. ಇವಾನ್ ಮರುವರ್ಷ ಬ್ಲಾಸ್ಟರ್ಸ್ ಬಿಟ್ಟರು. ಎಸ್ಟೇಟಿನ ಮ್ಯಾನೇಜರೂ ಇಷ್ಟು ಬೇಗ ಬದಲಾಗುವುದಿಲ್ಲ ಅಂತ ರೈಟ್ರ ಅಭಿಪ್ರಾಯ. ಮ್ಯಾನೇಜರ್ ಬದಲಾಗಲಿ ಅಂತ ಅವರಿಗೆ ಆಸೆ ಇದೆಯೋ ಏನೋ, ನಾನು ಕೇಳಿಲ್ಲ.

ಸುಂಟಿಕೊಪ್ಪದ ಗೋಲ್ಡ್ ಕಪ್ ಪಂದ್ಯಗಳಿಗೆ ಹೋದಾಗ ನಾನು ನಿಲ್ಲುವುದು ಗೋಲ್ ಬಲೆಯ ಹಿಂದೆ. ಟಿವಿ ಕ್ಯಾಮೆರಾ ಮೈದಾನವನ್ನು ಪಕ್ಕದಿಂದ ನೋಡುತ್ತದೆ. ಚೆಂಡು ಎಲ್ಲೋ ಅದೂ ಅಲ್ಲೇ. ಬಲೆಯ ಹಿಂದೆ ನಿಂತರೆ ಚೆಂಡು ಆ ತುದಿಯಲ್ಲಿದ್ದಾಗಲೂ ಗೋಲಿ ಏನು ಮಾಡುತ್ತಾನೆ ಅಂತ ಕಾಣುತ್ತದೆ. ಅವನ ಬಾಯಿ ನಿಲ್ಲುವುದೇ ಇಲ್ಲ. "ಎಡಕ್ಕೆ ನೋಡೋ, ಹಿಂದೆ ಒಬ್ಬ ಇದ್ದಾನೆ, ಒದ್ದು ಕಳಿಸು" ಅಂತ ಕನ್ನಡ, ಮಲಯಾಳಂ, ಕೊಡವ ತಕ್ಕ್ ಎಲ್ಲ ಬೆರೆಸಿ ಕೂಗುತ್ತಿರುತ್ತಾನೆ. ಹತ್ತು ಸಲ ಅವನು ಕೂಗಿದ್ದರಿಂದಲೇ ಗೋಲು ತಪ್ಪಿರುತ್ತದೆ. ಆಗದ ಗೋಲನ್ನು ಯಾರು ಬರೆಯುತ್ತಾರೆ?

ಈಗ ನನ್ನ ಕಥೆ. ಒಂದು ಮಳೆಗಾಲ, ನಮ್ಮೂರ ಶಾಲೆಯ ಮೈದಾನ, ಮೊಣಕಾಲಿನ ತನಕ ಕೆಸರು. ಗ್ಲೌಸ್ ಅನ್ನುವುದನ್ನು ನಾವು ಫೋಟೋದಲ್ಲಿ ಮಾತ್ರ ನೋಡಿದ್ದೆವು. ಮೂರು ಒಳ್ಳೆ ಹೊಡೆತ ತಡೆದೆ. ನಾಲ್ಕನೆಯದು ಮೆಲ್ಲಗೆ ಉರುಳಿಕೊಂಡು ಬಂದ ಚೆಂಡು, ಕೈಗೆ ಸಿಕ್ಕಿತ್ತು. ನೆಂದ ಸಾಬೂನಿನ ಹಾಗೆ ಜಾರಿ ಕಾಲಿನ ನಡುವೆ ನುಸುಳಿಹೋಯಿತು. ಒಂದು ಪೇಪರಿನವರು "ಗೋಲ್‌ಕೀಪರ್ ಎಡವಟ್ಟಿನಿಂದ ಸೋಲು" ಅಂತ ಎರಡು ಸಾಲು ಹಾಕಿದರು. ನನ್ನ ಹೆಸರು ಅಚ್ಚಾಗಿದ್ದು ಅದೇ ಮೊದಲು, ಅದೇ ಕೊನೆ. ನಮ್ಮೂರ ಕ್ಷೌರದ ಅಂಗಡಿಯವರು ಆ ತುಂಡನ್ನು ಕತ್ತರಿಸಿ ಕನ್ನಡಿಯ ಮೂಲೆಗೆ ಅಂಟಿಸಿದರು. ತುಂಬಾ ವರ್ಷ ಅದು ಅಲ್ಲೇ ಇತ್ತು. ತಲೆ ಬಗ್ಗಿಸಿ ಕುಳಿತರೂ ಕಾಣುತ್ತಿತ್ತು.

ಮೊನ್ನೆ ಹೋಟೆಲಿನಲ್ಲಿ ಮತ್ತೆ ಗಿಲ್ ಮಾತು ಬಂತು. ನಾನು ಎದ್ದು ನಿಂತು, ಗಾಜಿನ ಲೋಟಗಳನ್ನು ಗೋಡೆ ಮಾಡಿ, ಸಕ್ಕರೆ ಡಬ್ಬವನ್ನು ಗೋಲಿ ಮಾಡಿ, ಕಾಲು ಗಂಟೆ ವಿವರಿಸಿದೆ. ಎರಡೂ ಪಕ್ಷ ಸುಮ್ಮನೆ ಕೇಳಿದವು. ಗೆದ್ದೆ ಅಂದುಕೊಂಡೆ. ಆಟೋ ಹುಡುಗ ತಲೆಯಾಡಿಸಿ, "ನೀವು ಹೇಳಿದ್ದು ಪೂರ್ತಿ ಸರಿ ಅಣ್ಣ. ಗಿಲ್‌ದು ಏನೂ ತಪ್ಪಿಲ್ಲ" ಅಂದ. ಆಮೇಲೆ ಆಟೋದ ಕೀ ಕೈಗೆ ತೆಗೆದುಕೊಂಡು, "ಆದರೆ ಆ ಶಾಲೆ ಮೈದಾನದ ಗೋಲು ಮಾತ್ರ ನಿಮ್ಮದೇ ತಪ್ಪಂತೆ, ಅಪ್ಪ ಹೇಳ್ತಿದ್ರು" ಅಂದ.

ಅವನು ಆಗ ಹುಟ್ಟಿಯೇ ಇರಲಿಲ್ಲ. ಹೋಟೆಲಿಗೆ ಹೋಟೆಲೇ ನಕ್ಕಿತು. ಅಂದಿನ ಚಹಾದ ದುಡ್ಡು ನಾನೇ ಕೊಟ್ಟೆ. ನಮಸ್ಕಾರ.